ಮಂಗೋಲರ ಬಳಿಗೆ ಹೋದ ಪಾದ್ರಿಗಳು ಮಾತಾಡಿದ್ದು ಯಾವ ಭಾಷೆಯಲ್ಲಿ?

ಬೆಳಗಿನರೈಲು:
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. 1245ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಅವರು ಕಾರ್ಪಿನಿ ಅನ್ನುವ ಇಟಲಿಯ ಪಾದ್ರಿಯನ್ನು ಮಂಗೋಲ್ ಖಾನನ ಬಳಿಗೆ ಕಳಿಸಿದರು. ಎಂಟು ವರ್ಷ ಆದಮೇಲೆ, 1253ರಲ್ಲಿ, ಫ್ಲ್ಯಾಂಡರ್ಸ್‌ನ ರುಬ್ರುಕ್ ಊರಿನ ವಿಲಿಯಂ ಹೊರಟರು. ಇಬ್ಬರೂ ಫ್ರಾನ್ಸಿಸ್ಕನ್ ಸನ್ಯಾಸಿಗಳು. ಚಳಿ, ಹಸಿವು, ಕುದುರೆ ಸವಾರಿ ಎಲ್ಲ ಓದಿದೆ. ಆದರೆ ಒಂದು ವಿಷಯ ತಿಳಿಯಲಿಲ್ಲ. ಲ್ಯಾಟಿನ್ ಬಲ್ಲ ಪಾದ್ರಿ, ಮಂಗೋಲ್ ಮಾತಾಡುವ ಖಾನ. ಇಬ್ಬರೂ ಎದುರುಬದುರು ಕೂತು ದೇವರು, ಪಾಪ, ಯುದ್ಧ ಅಂತೆಲ್ಲ ಮಾತಾಡಿದರು ಅಂದರೆ ಹೇಗೆ? ನಡುವೆ ಯಾರಿದ್ದರು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇನಕ್ಷೆ:
ಒಳ್ಳೆ ಪ್ರಶ್ನೆ. ಇವರ ಬಗ್ಗೆ ಬರೆಯುವವರು ದಾರಿಯ ಕಷ್ಟವನ್ನೇ ಜಾಸ್ತಿ ಬರೆಯುತ್ತಾರೆ. ನಡುವೆ ನಿಂತು ಮಾತು ದಾಟಿಸಿದ ದುಭಾಷಿಯನ್ನು ಮರೆತೇಬಿಡುತ್ತಾರೆ.

ವಿಲಿಯಂ ಅವರನ್ನು ಊರಿನ ಹೆಸರಿಂದ ರುಬ್ರುಕ್ ಅಂತಲೇ ಕರೆಯುತ್ತಾರೆ, ಅವರದ್ದು ಹೇಳುತ್ತೇನೆ. 1253ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಹೊರಟು ಕಪ್ಪು ಸಮುದ್ರ ದಾಟಿ ಕ್ರೈಮಿಯಾದ ಸೊಲ್ದಾಯಾ ಬಂದರಿಗೆ ಬಂದರು. ಜೊತೆಗೆ ಇದ್ದವರು ಕ್ರೆಮೋನಾದ ಬಾರ್ತೊಲೊಮಿಯೊ ಅನ್ನುವ ಇನ್ನೊಬ್ಬ ಸನ್ಯಾಸಿ, ಗೊಸೆ ಅನ್ನುವ ಗುಮಾಸ್ತ, ನಿಕೊಲಾಸ್ ಅನ್ನುವ ಹುಡುಗ, ಮತ್ತೆ ಒಬ್ಬ ದುಭಾಷಿ. ದುಭಾಷಿಯ ಹೆಸರನ್ನು ಲ್ಯಾಟಿನ್‌ನಲ್ಲಿ 'ಹೋಮೋ ದೇಯಿ' ಅಂತ ಬರೆದಿದ್ದಾರೆ. ದೇವರ ಮನುಷ್ಯ ಅಂತ ಅರ್ಥ. ಹಾಗಾಗಿ ಅವನ ನಿಜವಾದ ಹೆಸರು ಅಬ್ದುಲ್ಲಾ ಇರಬೇಕು ಅಂತ ವಿದ್ವಾಂಸರು ಹೇಳುತ್ತಾರೆ.

ರುಬ್ರುಕ್ ಅವರು ದಾರಿಯಲ್ಲಿ ಸಿಕ್ಕ ಜನರಿಗೆ ಧರ್ಮದ ಮಾತು ಹೇಳಲು ಹೊರಟಾಗಲೆಲ್ಲ ಇವನು, ನನ್ನಿಂದ ಉಪದೇಶ ಮಾಡಿಸಬೇಡಿ, ಇಂಥ ಮಾತೆಲ್ಲ ಹೇಳಲು ನನಗೆ ಬರುವುದಿಲ್ಲ ಅಂತ ಕೈಮುಗಿಯುತ್ತಿದ್ದ. ಕೆಲವು ತಿಂಗಳು ಕಳೆದು ರುಬ್ರುಕ್ ಅವರಿಗೇ ಅಲ್ಲಿಯವರ ಭಾಷೆ ಸ್ವಲ್ಪ ಕಿವಿಗೆ ಹತ್ತಿತು. ಆಗ ಗೊತ್ತಾಯಿತು, ತಾನು ಒಂದು ಹೇಳಿದರೆ ಅವನು ಬಾಯಿಗೆ ಬಂದ ಇನ್ನೊಂದನ್ನು ಹೇಳುತ್ತಿದ್ದಾನೆ ಅಂತ. ಅದಾದಮೇಲೆ ಅವನ ಮೂಲಕ ಮಾತಾಡುವುದಕ್ಕಿಂತ ಸುಮ್ಮನಿರುವುದೇ ಮೇಲು ಅಂತ ಅನ್ನಿಸಿತು. ಇದನ್ನೆಲ್ಲ ಅವರೇ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಗೆ ಬರೆದ ದೀರ್ಘ ವರದಿಯಲ್ಲಿ ಹೇಳಿಕೊಂಡಿದ್ದಾರೆ. ತಮ್ಮ ಪ್ರಯಾಣ ಎಲ್ಲಿ ಎಡವಿತು ಅಂತ ದೊರೆಗೆ ಇಷ್ಟು ನೇರವಾಗಿ ಬರೆಯುವುದಕ್ಕೆ ಧೈರ್ಯ ಬೇಕು. ನನಗೆ ಅವರು ಇಷ್ಟ ಆಗುವುದು ಇದಕ್ಕೇ.

ಕೆರೆಏರಿ:
ಕಾರಾಕೋರಂಗೆ ಹೋದರು ಅಂತ ಓದಿದ ನೆನಪು. ಅದು ನಮ್ಮ ಉತ್ತರಕ್ಕಿರುವ ಪರ್ವತ ಅಲ್ವಾ? ಅಷ್ಟು ಹತ್ತಿರ ಬಂದಿದ್ದರಾ?

ಹಳೇನಕ್ಷೆ:
ಅಲ್ಲ ಕೆರೆಏರಿ. ಹೆಸರು ಒಂದೇ ಥರ ಕೇಳುತ್ತದೆ, ಜಾಗ ಬೇರೆ. ಇದು ಮಂಗೋಲಿಯಾದ ಒರ್ಖೋನ್ ನದಿಯ ಬಯಲಿನಲ್ಲಿದ್ದ ರಾಜಧಾನಿ. ಬೆಟ್ಟಕ್ಕೂ ಅದಕ್ಕೂ ಬಹಳ ದೂರ.

ಮಲ್ಲಿಗೆಬಳ್ಳಿ:
ನಾನು ನರ್ಸ್. ಇತಿಹಾಸ ಓದಿದವಳಲ್ಲ. ಆದರೆ ದುಭಾಷಿಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ವಾರ್ಡಿಗೆ ಹೊರ ರಾಜ್ಯದ ರೋಗಿಗಳು ತುಂಬಾ ಬರುತ್ತಾರೆ. ಹೋದ ವರ್ಷ ಒಬ್ಬ ವಯಸ್ಸಾದ ತಾಯಿ ಬಂದಿದ್ದರು. ಅವರ ಭಾಷೆ ನಮಗ್ಯಾರಿಗೂ ಬರುವುದಿಲ್ಲ. ಜೊತೆಗೆ ಅಳಿಯ ಇದ್ದ, ಅವನಿಗೆ ಹಿಂದಿ ಅರ್ಧಂಬರ್ಧ. ಡಾಕ್ಟರ್ ಕೇಳಿದ್ದಕ್ಕೆ ಆ ತಾಯಿ ಎರಡು ನಿಮಿಷ ಮಾತಾಡಿದರು. ಹೊಟ್ಟೆ ಮುಟ್ಟಿಕೊಂಡರು, ಬೆನ್ನು ತೋರಿಸಿದರು, ಕಣ್ಣಲ್ಲಿ ನೀರು ಬಂತು. ಅಳಿಯ ನಮ್ಮ ಕಡೆ ತಿರುಗಿ 'ನೋವಂತೆ' ಅಂದ. ಅಷ್ಟೇ.

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಬರುತ್ತಿದ್ದದ್ದೇ ಆ ಒಂದು ಪದ. ಮಾರನೇ ದಿನ ಅದೇ ಭಾಷೆಯ ಕ್ಯಾಂಟೀನ್ ಹುಡುಗನನ್ನು ಕರೆಸಿದೆವು. ನೋವು ಯಾವಾಗ ಶುರುವಾಯಿತು, ಯಾವ ಮಾತ್ರೆ ನುಂಗಿದ್ದರು ಅನ್ನುವುದೆಲ್ಲ ಆಗ ಹೊರಗೆ ಬಂತು. ಆ ರುಬ್ರುಕ್ ಅವರಿಗೆ ಎಷ್ಟು ಸಂಕಟ ಆಗಿರಬೇಕು ಅಂತ ನನಗೆ ಗೊತ್ತು.

ಕೋಟೆಬಾಗಿಲು:
ಎಲ್ಲರೂ ಅಬ್ದುಲ್ಲಾನ ಮೇಲೆ ಬೀಳುತ್ತಿದ್ದೀರಿ. ಸ್ವಲ್ಪ ತಡೆಯಿರಿ.

ನಮ್ಮ ಹತ್ತಿರ ಇರುವುದು ರುಬ್ರುಕ್ ಬರೆದದ್ದು ಮಾತ್ರ. ಆ ದುಭಾಷಿ ಒಂದು ಸಾಲೂ ಬರೆದಿಟ್ಟಿಲ್ಲ. ಅವನಿಗೆ ಬರುತ್ತಿದ್ದದ್ದು ಸಂತೆಯ ಮಾತು. ಎತ್ತಿಗೆಷ್ಟು, ದಾರಿ ಯಾವುದು, ರಾತ್ರಿ ತಂಗಲು ಜಾಗ ಸಿಗುತ್ತಾ, ಇಷ್ಟು. ಅಂಥವನ ಮುಂದೆ ತ್ರಿತ್ವ, ದೇವಕೃಪೆ, ಪಾಪವಿಮೋಚನೆ ಅಂತ ಇಟ್ಟರೆ ಏನು ಮಾಡುತ್ತಾನೆ? ನನಗೆ ಬರುವುದಿಲ್ಲ ಅಂತ ಮೊದಲೇ ಹೇಳಿದ್ದಾನಲ್ಲ. ಅದು ಪ್ರಾಮಾಣಿಕತೆ. ತಪ್ಪು ಅವನದ್ದಲ್ಲ. ಧರ್ಮ ಬೋಧಿಸಲು ಹೊರಟವರು ಅಲ್ಲಿಯ ಭಾಷೆ ಕಲಿಯದೆ ಹೊರಟರಲ್ಲ, ಅವರದ್ದು.

ಮಲ್ಲಿಗೆಬಳ್ಳಿ ಮೇಡಂ, ನೀವು ಹೇಳಿದ ಆ ಅಳಿಯನ ಕಥೆಯೂ ಇದನ್ನೇ ಹೇಳುತ್ತದೆ.

ಮಲ್ಲಿಗೆಬಳ್ಳಿ:
ಹೌದು, ಒಪ್ಪುತ್ತೇನೆ. ಆ ಅಳಿಯನನ್ನು ಯಾರೂ ಬೈಯಲಿಲ್ಲ.

ಹಳೇನಕ್ಷೆ:
ಕೋಟೆಬಾಗಿಲು, ನಿಮ್ಮ ಮಾತು ಅರ್ಧ ಸರಿ. ಇನ್ನರ್ಧಕ್ಕೆ 1254ರ ಜನವರಿ 4ರ ದಿನ ಏನಾಯಿತು ನೋಡಿ.

ಅವತ್ತು ಆಗಿನ ದೊಡ್ಡ ಖಾನ ಮೊಂಗ್ಕೆಯ ಮೊದಲ ಭೇಟಿ. ಬಾಗಿಲ ಹತ್ತಿರವೇ ಕುಡಿಯುವುದಕ್ಕೆ ಇಟ್ಟಿದ್ದರು. ಏನು ಬೇಕು, ದ್ರಾಕ್ಷಿಮದ್ಯವೋ, ಅಕ್ಕಿಯ ಮದ್ಯವೋ, ಕುದುರೆ ಹಾಲಿನದ್ದೋ, ಜೇನಿನದ್ದೋ ಅಂತ ಕೇಳಿದರು. ರುಬ್ರುಕ್ ಮರ್ಯಾದೆಗೆ ಅಂತ ಅಕ್ಕಿಯದ್ದನ್ನು ಸ್ವಲ್ಪ ರುಚಿ ನೋಡಿದರು. ದುಭಾಷಿ ಮಾತ್ರ ಕುಡಿಸುವವರ ಪಕ್ಕದಲ್ಲೇ ನಿಂತಿದ್ದ. ಅವರು ಸುರಿದರು, ಇವನು ಕುಡಿದ. ಸ್ವಲ್ಪ ಹೊತ್ತಿಗೆಲ್ಲ ಅಮಲೇರಿತು. ಮಾತು ಶುರುವಾದ ಮೇಲೆ ಅವನ ಬಾಯಿಂದ ಒಂದು ಪೂರ್ತಿ ವಾಕ್ಯವೂ ಹೊರಡುತ್ತಿಲ್ಲ ಅಂತ ರುಬ್ರುಕ್‌ಗೆ ತಿಳಿಯಿತು. ಖಾನನಿಗೂ ಸ್ವಲ್ಪ ನಶೆ ಇದ್ದ ಹಾಗೆ ಕಾಣುತ್ತಿತ್ತಂತೆ.

ಕಾನ್‌ಸ್ಟಾಂಟಿನೋಪಲ್ ಬಿಟ್ಟು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳ ಪಾಡೆಲ್ಲ ಆ ಒಂದು ಗಳಿಗೆಗಾಗಿ. ಆಗ ನಡುವಿನವನಿಗೆ ನಾಲಿಗೆ ತಿರುಗುತ್ತಿಲ್ಲ. ಇದನ್ನೂ ಭಾಷೆ ಕಲಿಯದವರ ತಪ್ಪು ಅಂತ ಹೇಳುವುದಕ್ಕೆ ಆಗುತ್ತಾ?

ಕೋಟೆಬಾಗಿಲು:
ಆ ದಿನದ್ದು ಬಿಡಿ, ಅದು ಅವನ ತಪ್ಪೇ. ಮಿಕ್ಕದ್ದಕ್ಕೆ ನನ್ನ ಮಾತು ನಿಲ್ಲುತ್ತದೆ.

ಅಂಚೆಪೆಟ್ಟಿಗೆ:
ಕಾರ್ಪಿನಿ ಅವರ ಕಡೆಯದ್ದೂ ಸೇರಿಸುತ್ತೇನೆ, ಯಾಕಂದರೆ ಅವರು ಈ ವಿಷಯದಲ್ಲಿ ಜಾಣತನ ತೋರಿದರು. ಬ್ರೆಸ್ಲಾವ್‌ನಲ್ಲಿ ಬೆನೆಡಿಕ್ಟ್ ಅನ್ನುವ ಪೋಲೆಂಡ್‌ನ ಸನ್ಯಾಸಿಯನ್ನು ಜೊತೆಗೆ ಹಾಕಿಕೊಂಡರು. ಪೋಪ್ ಪತ್ರವನ್ನು ವೋಲ್ಗಾ ತೀರದಲ್ಲಿ, ಮಂಗೋಲರ ಪಶ್ಚಿಮ ಸೀಮೆ ಆಳುತ್ತಿದ್ದ ಬಾತು ಖಾನನ ಬಿಡಾರದಲ್ಲಿ ಕೂತು ರಷ್ಯನ್, ಪರ್ಷಿಯನ್, ಮಂಗೋಲ್ ಮೂರಕ್ಕೂ ಅನುವಾದ ಮಾಡಿಸಿದರು. ಅಲ್ಲಿಂದ 1246ರ ಏಪ್ರಿಲ್‌ನಲ್ಲಿ ಹೊರಟು ಜುಲೈ 22ಕ್ಕೆ, ಮುಂದಿನ ದೊಡ್ಡ ಖಾನನಾಗಲಿದ್ದ ಗುಯುಕ್‌ನ ಬಿಡಾರ ಮುಟ್ಟಿದರು. ದಿನಕ್ಕೆ ಐದು, ಆರು ಸಲ ಕುದುರೆ ಬದಲಾವಣೆ. ಮೈ ತಡೆದುಕೊಳ್ಳಲಿ ಅಂತ ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದರು. ಉಪವಾಸದ ದಿನಗಳಲ್ಲಿ ಊಟ ಅಂದರೆ ನೀರು, ಉಪ್ಪು ಹಾಕಿ ಬೇಯಿಸಿದ ಸಿರಿಧಾನ್ಯ. ಕುಡಿಯುವುದಕ್ಕೆ ಕರಗಿಸಿದ ಹಿಮ.

ಆಗಸ್ಟ್ 24ರಂದು ಗುಯುಕ್ ಪಟ್ಟಕ್ಕೇರಿದ. ಉತ್ತರ ಬರೆಯುವ ಹೊತ್ತು ಬಂದಾಗ ಮಂಗೋಲ್ ಅಧಿಕಾರಿಗಳು ಕೇಳಿದರು, ನಿಮ್ಮ ಪೋಪ್ ಹತ್ತಿರ ರಷ್ಯನ್, ಮುಸಲ್ಮಾನರ ಲಿಪಿ, ನಮ್ಮ ಲಿಪಿ, ಇವುಗಳಲ್ಲಿ ಯಾವುದಾದರೂ ಓದುವವರು ಇದ್ದಾರಾ ಅಂತ. ಕಾರ್ಪಿನಿ ಹೇಳಿದ್ದು ಇಷ್ಟು: ನೀವು ನಿಮ್ಮ ಭಾಷೆಯಲ್ಲೇ ಬರೆಯಿರಿ, ಅರ್ಥ ಬಿಡಿಸಿ ಹೇಳಿ, ನಾವು ನಮ್ಮ ಭಾಷೆಯಲ್ಲಿ ಬರೆದುಕೊಂಡು ಎರಡನ್ನೂ ಒಯ್ಯುತ್ತೇವೆ. ನವೆಂಬರ್ 11ರಂದು ಕದಾಕ್, ಚಿಂಕಾಯ್, ಬಾಲಾ ಅನ್ನುವ ಅಧಿಕಾರಿಗಳು ಬಂದು ಕೂತರು. ಒಂದೊಂದೇ ಮಾತು ಬಿಡಿಸಿ ಹೇಳಿದರು. ಇವರು ಲ್ಯಾಟಿನ್‌ನಲ್ಲಿ ಬರೆದರು. ಬರೆದದ್ದನ್ನು ಮತ್ತೆ ಓದಿಸಿ ತಾಳೆ ನೋಡಿದರು. ಒಂದು ಪದ ಹೆಚ್ಚುಕಡಿಮೆ ಆದರೂ ಕೆಡುಕಾಗುತ್ತದೆ ಅಂತ ಎರಡೂ ಕಡೆಗೆ ಭಯ ಇತ್ತು. ಕೊನೆಗೆ ಇನ್ನೊಂದು ಪ್ರತಿಯನ್ನು ಪರ್ಷಿಯನ್‌ನಲ್ಲೂ ಮಾಡಿಕೊಟ್ಟರು.

ಆ ಪರ್ಷಿಯನ್ ಪ್ರತಿ 1920ರಲ್ಲಿ ವ್ಯಾಟಿಕನ್ ದಾಖಲೆಗಳಲ್ಲಿ ಸಿಕ್ಕಿತು. ಗುಯುಕ್‌ನ ಕೆಂಪು ಮುದ್ರೆ ಈಗಲೂ ಕಾಣುತ್ತದೆ. ಆ ಮುದ್ರೆ ಮಾಡಿದವನು ಕೊಸ್ಮಾಸ್ ಅನ್ನುವ ರಷ್ಯನ್ ಅಕ್ಕಸಾಲಿಗ. ಬಿಡಾರದಲ್ಲಿ ಹೊಟ್ಟೆಗಿಲ್ಲದೆ ಸೊರಗಿದ್ದ ಕಾರ್ಪಿನಿಗೆ ಅಷ್ಟಿಷ್ಟು ಊಟ ಕೊಟ್ಟು ಉಳಿಸಿದವನೂ ಅವನೇ.

ಬೆಳಗಿನರೈಲು:
ಅದರಲ್ಲಿ ಏನು ಬರೆದಿತ್ತು?

ಅಂಚೆಪೆಟ್ಟಿಗೆ:
ಚಿಕ್ಕದಾಗಿ ಹೇಳುವುದಾದರೆ, ಪೋಪ್ ಆದ ನೀನೇ ಎಲ್ಲ ದೊರೆಗಳನ್ನು ಕರೆದುಕೊಂಡು ಬಂದು ನಮಗೆ ಶರಣಾಗು ಅಂತ. ಸೂರ್ಯ ಹುಟ್ಟುವಲ್ಲಿಂದ ಮುಳುಗುವವರೆಗೆ ದೇವರು ನಮಗೇ ಕೊಟ್ಟಿದ್ದಾನೆ, ದೇವರ ಅಪ್ಪಣೆ ಇಲ್ಲದೆ ಯಾರಾದರೂ ಇಷ್ಟು ನಾಡು ಗೆಲ್ಲಲು ಆಗುತ್ತದಾ ಅಂತ ಕೇಳುತ್ತಾನೆ. ದೇವರು ಯಾರನ್ನು ಕ್ಷಮಿಸುತ್ತಾನೆ ಅಂತ ನಿನಗೆ ಹೇಗೆ ಗೊತ್ತು ಅಂತಲೂ ಕೇಳುತ್ತಾನೆ.

ಭಾಷೆಯ ವಿಷಯ ಬಂತಲ್ಲ, ಇಲ್ಲೊಂದು ಗಂಟು ಇದೆ. 'ಎಲ್' ಅಥವಾ 'ಇಲ್' ಅನ್ನುವ ಪದಕ್ಕೆ ಅವರಲ್ಲಿ ಶಾಂತಿ ಅಂತಲೂ ಅರ್ಥ, ಅಧೀನ ಅಂತಲೂ ಅರ್ಥ. ಪೋಪ್ ಕೇಳಿದ್ದು ಶಾಂತಿ. ಅವರ ಕಿವಿಯಲ್ಲಿ ಅದು ಬೇರೆ ಆಗಿ ಕೇಳಿದರೂ ಆಶ್ಚರ್ಯ ಇಲ್ಲ. ನಮ್ಮ ಜೊತೆ ಶಾಂತಿ ಬೇಕಾದರೆ ತಲೆ ಬಾಗಿಸಿ ಬಾ ಅನ್ನುವುದು ಅವರ ಲೆಕ್ಕದಲ್ಲಿ ಒಂದೇ ಮಾತು.

ಗಾಳಿಮರ:
ಇದು ಅದ್ಭುತ. ಒಂದು ಪದದಲ್ಲಿ ಎರಡು ಸಾಮ್ರಾಜ್ಯದ ಜಗಳ.

ಹಳೇನಕ್ಷೆ:
ಇದೇ ಥರದ್ದು ಇನ್ನೊಂದು. ಬಾತುವಿನ ಮಗ ಸಾರ್ತಾಕ್ ಕ್ರೈಸ್ತನಾಗಿದ್ದಾನೆ ಅನ್ನುವ ಸುದ್ದಿ ಕೇಳಿಯೇ ರುಬ್ರುಕ್ ಹೊರಟದ್ದು. ಅಲ್ಲಿ ಹೋದರೆ ಸಾರ್ತಾಕ್‌ನ ಅಧಿಕಾರಿಯೊಬ್ಬ, ನಮ್ಮ ಒಡೆಯನನ್ನು ಕ್ರೈಸ್ತ ಅನ್ನಬೇಡಿ, ಅವನು ಮಂಗೋಲ ಅಂದ. ಕ್ರೈಸ್ತ ಅಂದರೆ ಒಂದು ಜನಾಂಗದ ಹೆಸರು ಅಂತ ಅವರು ತಿಳಿದಿದ್ದರು. ಆ ಮಾತು ಹೇಳಿದ ಅಧಿಕಾರಿ ಸ್ವತಃ ನೆಸ್ಟೋರಿಯನ್ ಪಂಥದ ಕ್ರೈಸ್ತ!

ದೊರೆ ಲೂಯಿ ಕೊಟ್ಟ ಪತ್ರಕ್ಕೂ ಹೀಗೇ ಆಯಿತು. ಸಾರ್ತಾಕ್‌ನ ಬಿಡಾರದಲ್ಲಿ ಅದನ್ನು ಅನುವಾದಿಸಿದವರಲ್ಲಿ ಆರ್ಮೇನಿಯಾದ ಪಾದ್ರಿಗಳಿದ್ದರು. ಅವರಿಗೆ ಮುಸಲ್ಮಾನರ ಮೇಲೆ ಹಳೆಯ ಸಿಟ್ಟು. ಪತ್ರದಲ್ಲಿ ಇದ್ದದ್ದಕ್ಕಿಂತ ಖಾರವಾಗಿ ಅನುವಾದ ಮಾಡಿರಬೇಕು ಅಂತ ರುಬ್ರುಕ್‌ಗೆ ಆಮೇಲೆ ಅನುಮಾನ ಬಂತು. ತಾನು ರಾಯಭಾರಿಯಲ್ಲ, ಬರೀ ಸನ್ಯಾಸಿ ಅಂತ ಹೇಳಿಕೊಂಡು ಹೋದವರನ್ನು ಎಲ್ಲ ಕಡೆ ಸೈನ್ಯದ ನೆರವು ಕೇಳಲು ಬಂದವರ ಹಾಗೆ ನೋಡಿದರು.

ಜೋಳದಹೊಲ:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ನಾನು ಆ ಕಾರಕೋರಂ ಇದ್ದ ಜಾಗ ನೋಡಿ ಬಂದಿದ್ದೇನೆ. ಉಲಾನ್‌ಬಾತರ್‌ನಿಂದ ಸುಮಾರು 360 ಕಿಲೋಮೀಟರ್. ಈಗಿನ ಹೆಸರು ಖಾರ್‌ಖೋರಿನ್. ಹಳೆಯ ರಾಜಧಾನಿ ಅಂತ ಹುಡುಕಿದರೆ ಹುಲ್ಲಿನ ಬಯಲು, ಒಂದು ಕಲ್ಲಿನ ಆಮೆ. ಹಾಳು ಊರಿನ ಕಲ್ಲುಗಳನ್ನು ಬಳಸಿ 16ನೇ ಶತಮಾನದಲ್ಲಿ ಕಟ್ಟಿದ ಎರ್ದೆನೆ ಜೂ ಅನ್ನುವ ಬೌದ್ಧ ಮಠ ಪಕ್ಕದಲ್ಲೇ ಇದೆ.

ಒಂದು ಕುಟುಂಬದ ಗುಡಾರಕ್ಕೆ ಕರೆದುಕೊಂಡು ಹೋದರು. ಒಳಗೆ ಕಾಲಿಡುವ ಮುಂಚೆ ಜೊತೆಗಿದ್ದ ಹುಡುಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಹೊಸ್ತಿಲು ತುಳಿಯಬೇಡಿ, ದಾಟಿ ಬನ್ನಿ ಅಂದಳು. ನನಗೆ ಅಜ್ಜಿಯ ಮನೆಯೇ ಎದುರಿಗೆ ಬಂತು. ಅಜ್ಜಿಯೂ ಇದೇ ಮಾತು, ಇದೇ ಅವಸರದಲ್ಲಿ ಹೇಳುತ್ತಿದ್ದರು.

ಬಾಗಿಲ ಪಕ್ಕ ಚರ್ಮದ ಚೀಲ ತೂಗುಹಾಕಿದ್ದರು. ಅದರಲ್ಲಿ ಕುದುರೆ ಹಾಲು, ಒಂದು ಉದ್ದನೆಯ ಕೋಲು. ಬಂದವರು ಹೋದವರು ಎಲ್ಲರೂ ಎರಡು ಸಲ ಕಡೆದು ಹೋಗುತ್ತಾರೆ. ಅವರು ಐರಗ್ ಅನ್ನುತ್ತಾರೆ. ಹುಳಿ ಮಜ್ಜಿಗೆಗೆ ಸೋಡಾ ಸೇರಿದ ಹಾಗೆ ನಾಲಿಗೆ ಚುರುಗುಟ್ಟುತ್ತದೆ.

ಹಳೇನಕ್ಷೆ:
ಜೋಳದಹೊಲ, ನಿಮ್ಮ ಎರಡು ಅನುಭವವೂ ರುಬ್ರುಕ್ ಬರಹದಲ್ಲಿ ಇವೆ! ಕುಡಿಯುವಾಗ ಹೊಸ ದ್ರಾಕ್ಷಿಮದ್ಯದ ಹಾಗೆ ನಾಲಿಗೆ ಚುಚ್ಚುತ್ತದೆ, ಕುಡಿದಾದ ಮೇಲೆ ಬಾದಾಮಿ ಹಾಲಿನ ರುಚಿ ಉಳಿಯುತ್ತದೆ ಅಂತ ಬರೆದಿದ್ದಾರೆ. ಮೊದಲ ಸಲ ಕುಡಿದಾಗ ಹೊಸದು ಅಂತ ಹೆದರಿ ಮೈಯೆಲ್ಲ ಬೆವರಿತಂತೆ. ಆಮೇಲೆ ಇಷ್ಟವಾಯಿತು.

ಹೊಸ್ತಿಲಿನದ್ದು ದೊಡ್ಡ ಅನಾಹುತ. ಮೊಂಗ್ಕೆಯ ಗುಡಾರದಿಂದ ಹೊರಡುವಾಗ ಬಾರ್ತೊಲೊಮಿಯೊ ಖಾನನ ಕಡೆ ತಿರುಗಿ ನಮಸ್ಕರಿಸಿ ಅವಸರದಲ್ಲಿ ಹೊರಟರು, ಕಾಲು ಹೊಸ್ತಿಲಿಗೆ ತಾಗಿತು. ಕಾವಲಿನವರು ಹಿಡಿದುಕೊಂಡರು. ಅದು ಪ್ರಾಣಕ್ಕೆ ಬರುವಂಥ ತಪ್ಪು. ಆಮೇಲೆ ವಿಚಾರಣೆ ಮಾಡಿ, ಇವರಿಗೆ ಯಾರೂ ಹೇಳಿರಲಿಲ್ಲ ಅಂತ ಬಿಟ್ಟರು. ಆದರೆ ಅವತ್ತಿನಿಂದ ಖಾನನ ಯಾವ ಗುಡಾರಕ್ಕೂ ಬಾರ್ತೊಲೊಮಿಯೊಗೆ ಪ್ರವೇಶ ಇಲ್ಲ. ಒಳ್ಳೆಯ ದುಭಾಷಿ ಇದ್ದಿದ್ದರೆ ಆ ಹುಡುಗಿ ನಿಮ್ಮ ತೋಳು ಹಿಡಿದ ಹಾಗೆ ಹಿಡಿದು ನಿಲ್ಲಿಸುತ್ತಿದ್ದ.

ಕೋಟೆಬಾಗಿಲು:
ಇದನ್ನು ಒಪ್ಪಿದೆ.

ತುಂಗೆಯಾಚೆ:
ಬರಿಗಾಲಿನ ಕಥೆ ಯಾರೂ ಹೇಳಲಿಲ್ಲ. ಫ್ರಾನ್ಸಿಸ್ಕನ್‌ರ ನೇಮದ ಪ್ರಕಾರ ಆ ಹಿಮದಲ್ಲಿ ಬರಿಗಾಲಲ್ಲೇ ಆಸ್ಥಾನಕ್ಕೆ ಹೋದರು. ಇವರಿಗೆ ಕಾಲು ಬೇಡವಾ ಅಂತ ಜನ ಸುತ್ತ ಸೇರಿ ನೋಡಿದರು. ಗುಂಪಿನಲ್ಲಿದ್ದ ಹಂಗೇರಿಯ ಹುಡುಗನೊಬ್ಬ ಇವರ ಪಂಥ ಯಾವುದು ಅಂತ ಗುರುತು ಹಿಡಿದು, ಯಾಕೆ ಹೀಗೆ ಅಂತ ಅವರಿಗೆ ತಿಳಿಸಿ ಹೇಳಿದ. ಕಾಲ್ಬೆರಳು ಮರಗಟ್ಟಿ, ಆಮೇಲೆ ಬರಿಗಾಲಲ್ಲಿ ಹೋಗಲು ಆಗಲಿಲ್ಲ.

ಆ ಹಂಗೇರಿಯ ಹುಡುಗನೂ ದುಭಾಷಿಯೇ ಅಲ್ವಾ?

ಸಂಜೆಮುಗಿಲು:
ಮಂಗೋಲರು ಎಲ್ಲ ಧರ್ಮದವರನ್ನೂ ಕೂಡಿಸಿ ಚರ್ಚೆ ಮಾಡಿಸಿದರು ಅಂತ ಕೇಳಿದ್ದೇನೆ. ಆ ಕಾಲದಲ್ಲಿ ಅಷ್ಟು ಉದಾರ ಮನಸ್ಸು ಬೇರೆ ಯಾರಿಗೆ ಇತ್ತು?

ಹಳೇನಕ್ಷೆ:
1254ರ ಮೇ 30. ಮೊಂಗ್ಕೆಯ ಅಪ್ಪಣೆ. ಕ್ರೈಸ್ತ, ಮುಸಲ್ಮಾನ, ಬೌದ್ಧ, ಹೀಗೆ ಮೂವರು ಕಾರ್ಯದರ್ಶಿಗಳು ನಡುವೆ ಕೂತರು. ಜಗಳದ ಮಾತಾಡಿದರೆ ಮರಣದಂಡನೆ ಅಂತ ಮೊದಲೇ ಸಾರಿದರು. ರುಬ್ರುಕ್ ಎದುರಿಗೆ ಚೀನಾ ಕಡೆಯ ಬೌದ್ಧ ಭಿಕ್ಷು. ನಿಮ್ಮ ದೇವರುಗಳಲ್ಲಿ ಸರ್ವಶಕ್ತ ಅಂತ ಒಬ್ಬನಾದರೂ ಇದ್ದಾನಾ ಅಂತ ರುಬ್ರುಕ್ ಕೇಳಿದರು. ಭಿಕ್ಷು ತುಂಬಾ ಹೊತ್ತು ಸುಮ್ಮನಿದ್ದು ಕೊನೆಗೆ ಇಲ್ಲ ಅಂದ. ಮುಸಲ್ಮಾನರು ಗಟ್ಟಿಯಾಗಿ ನಕ್ಕರು. ಇಷ್ಟೆಲ್ಲ ಆಗಿ ಯಾರೊಬ್ಬರೂ ಮತ ಬದಲಿಸಲಿಲ್ಲ. ಹಾಡು ಹೇಳಿದರು, ಎಲ್ಲರೂ ಸೇರಿ ಚೆನ್ನಾಗಿ ಕುಡಿದರು. ಇದನ್ನೂ ರುಬ್ರುಕ್ ಮುಚ್ಚಿಡದೆ ಬರೆದಿದ್ದಾರೆ.

ಮಾರನೇ ದಿನ ಮೊಂಗ್ಕೆ ಹೇಳಿದ ಮಾತು ಹೆಸರುವಾಸಿ. ದೇವರು ಕೈಗೆ ಬೇರೆ ಬೇರೆ ಬೆರಳು ಕೊಟ್ಟ ಹಾಗೆ ಜನರಿಗೆ ಬೇರೆ ಬೇರೆ ದಾರಿ ಕೊಟ್ಟಿದ್ದಾನೆ ಅಂತ.

ಅಂಚೆಪೆಟ್ಟಿಗೆ:
ಸಂಜೆಮುಗಿಲು, ಉದಾರ ಅನ್ನುವ ಪದವನ್ನು ಸ್ವಲ್ಪ ನೋಡಿ ಬಳಸೋಣ. ಮಂಗೋಲರು 1240ರಲ್ಲಿ ಕೀವ್ ಪಟ್ಟಣವನ್ನು ಹಾಳುಗೆಡವಿದರು. ಐದಾರು ವರ್ಷ ಕಳೆದು ಕಾರ್ಪಿನಿ ಆ ನಾಡು ದಾಟುವಾಗಲೂ ಸತ್ತವರ ತಲೆಬುರುಡೆ, ಮೂಳೆ ಬಯಲಿನಲ್ಲೇ ಬಿದ್ದಿದ್ದವು. ದೊಡ್ಡ ಪಟ್ಟಣದಲ್ಲಿ ಉಳಿದದ್ದು 200 ಮನೆಯೂ ಇಲ್ಲ ಅಂತ ಬರೆದಿದ್ದಾರೆ. ಅದೇ 1246ರಲ್ಲಿ ಚೆರ್ನಿಗೋವ್‌ನ ರಷ್ಯನ್ ರಾಜಕುಮಾರ ಮಿಖಾಯಿಲ್‌ನನ್ನು ಚೆಂಗೀಸ್ ಖಾನನ ಮೂರ್ತಿಗೆ ತಲೆಬಾಗಲು ಒಪ್ಪದಿದ್ದಕ್ಕೆ ಬಾತುವಿನ ಬಿಡಾರದಲ್ಲಿ ಕೊಂದರು. ಯಾವ ದೇವರನ್ನಾದರೂ ಪೂಜಿಸು, ಆದರೆ ನಮಗೆ ಅಧೀನನಾಗಿರು. ಅದು ಅವರ ನಿಯಮ.

ಸಂಜೆಮುಗಿಲು:
ಐದು ಬೆರಳಿನ ಮಾತು ಸುಳ್ಳಾಗುವುದಿಲ್ಲವಲ್ಲ. ಹೇಳಿದವನ ಕೈಯಲ್ಲಿ ರಕ್ತ ಇದ್ದರೂ ಮಾತು ದೊಡ್ಡದು.

ಅಂಚೆಪೆಟ್ಟಿಗೆ:
ಮಾತು ದೊಡ್ಡದು. ರಕ್ತವನ್ನೂ ಪಕ್ಕದಲ್ಲೇ ಬರೆದಿಡಬೇಕು ಅಂದೆ, ಅಷ್ಟೇ.

ಕೆರೆಏರಿ:
ಭಾರತದ ಯಾರಾದರೂ ಅಲ್ಲಿ ಇದ್ದರಾ?

ಹಳೇನಕ್ಷೆ:
ಇದ್ದರು. ಭಾರತದ ಸುಲ್ತಾನನೊಬ್ಬನ ರಾಯಭಾರಿಯನ್ನು ರುಬ್ರುಕ್ ಅಲ್ಲಿ ಕಂಡರು. ಎಂಟು ಚಿರತೆ, ಹತ್ತು ಬೇಟೆನಾಯಿ ಕಾಣಿಕೆಯಾಗಿ ತಂದಿದ್ದ. ಆ ನಾಯಿಗಳಿಗೆ ಕುದುರೆಯ ಬೆನ್ನ ಮೇಲೆ ಕೂರುವುದನ್ನು ಕಲಿಸಿದ್ದರು. ನಿಮ್ಮ ದೇಶ ಯಾವ ದಿಕ್ಕಿಗೆ ಅಂತ ಕೇಳಿದರೆ ಅವನು ಪಶ್ಚಿಮಕ್ಕೆ ಕೈ ತೋರಿಸಿದ. ಮಂಗೋಲಿಯಾದಿಂದ ನೋಡಿದರೆ ನಾವು ನೈಋತ್ಯಕ್ಕೆ. ಆದರೆ ದಾರಿ ನಡೆದವನಿಗೆ ದಿಕ್ಕು ಅಂದರೆ ದಾರಿಯೇ. ಬೆಟ್ಟ, ಮರಳುಗಾಡು ಬಳಸಿ ಮೊದಲು ಪಶ್ಚಿಮಕ್ಕೆ ಹೋಗಬೇಕು. ವಾಪಸ್ ಬರುವಾಗ ಸುಮಾರು ಮೂರು ವಾರ ಇಬ್ಬರಿಗೂ ಒಂದೇ ದಾರಿ.

ಇನ್ನೊಂದಿದೆ. ಬೌದ್ಧ ಭಿಕ್ಷುಗಳು ಜಪಮಾಲೆ ಎಣಿಸುತ್ತಾ ಹೇಳುತ್ತಿದ್ದ ಮಾತನ್ನು ರುಬ್ರುಕ್ ಕಿವಿಗೆ ಬಿದ್ದ ಹಾಗೆ ಬರೆದಿಟ್ಟರು. 'ಓನ್ ಮಣಿ ಬಕ್ಕಂ'. ಓಂ ಮಣಿಪದ್ಮೇ ಹೂಂ! 'ದೇವರೇ, ನಿನಗೆ ಗೊತ್ತು' ಅಂತ ಅದರ ಅರ್ಥವಂತೆ, ಹಾಗೆ ಯಾರೋ ಅವರಿಗೆ ಹೇಳಿದ್ದರು. ಸಂಸ್ಕೃತದ ಮಂತ್ರ ಟಿಬೆಟ್, ಮಂಗೋಲಿಯಾ ಸುತ್ತಿ ಫ್ಲ್ಯಾಂಡರ್ಸ್‌ನವನ ಲ್ಯಾಟಿನ್ ಹಾಳೆಗೆ ಇಳಿಯಿತು. ಅರ್ಥ ದಾರಿಯಲ್ಲೇ ಕಳೆದುಹೋಯಿತು, ಶಬ್ದ ಮಾತ್ರ ಸುಮಾರಾಗಿ ಉಳಿಯಿತು.

ಗಾಳಿಮರ:
ಇದನ್ನು ಓದಿ ಮೈ ಜುಮ್ಮೆಂದಿತು.

ಹಸಿರುಬಸ್ಸು:
ಮಾರ್ಕೋ ಪೋಲೋ ಬಗ್ಗೆ ಒಬ್ಬರೂ ಬರೆದಿಲ್ಲ. ಮೊದಲು ಹೋದವನು ಅವನೇ ಅಲ್ವಾ?

ತುಂಗೆಯಾಚೆ:
ಅಲ್ಲ. ರುಬ್ರುಕ್ ಕಾರಕೋರಂನಲ್ಲಿದ್ದ 1254ರಲ್ಲೇ ಮಾರ್ಕೋ ಪೋಲೋ ಹುಟ್ಟಿದ್ದು. ಕ್ಯಾಸ್ಪಿಯನ್ ಸುತ್ತ ಎಲ್ಲ ಕಡೆ ನೆಲ ಇದೆ, ಅದು ಹೊರ ಸಾಗರಕ್ಕೆ ಸೇರಿಲ್ಲ ಅಂತ ಹಳೆಯ ಪಂಡಿತರನ್ನು ತಿದ್ದಿದವರು ರುಬ್ರುಕ್. ಚೀನಾದ ಕಾಗದದ ಹಣ, ಕುಂಚದಲ್ಲಿ ಬರೆಯುವ ಅಕ್ಷರ, ಇವುಗಳ ಬಗ್ಗೆ ಯುರೋಪಿಗೆ ಮೊದಲು ತಿಳಿಸಿದವರೂ ಅವರೇ.

ಆ ಕಡೆಯಿಂದ ಈ ಕಡೆಗೆ ಬಂದವರೂ ಇದ್ದಾರೆ, ಅವರನ್ನು ಮರೆಯಬಾರದು. ಈಗಿನ ಬೀಜಿಂಗ್ ಕಡೆಯ ನೆಸ್ಟೋರಿಯನ್ ಸನ್ಯಾಸಿ ರಬ್ಬಾನ್ ಸೌಮಾ. 1287ರಲ್ಲಿ ರೋಮ್‌ಗೆ ಬಂದರೆ ಪೋಪ್ ಆಗಷ್ಟೇ ತೀರಿಕೊಂಡಿದ್ದರು. ಪ್ಯಾರಿಸ್‌ನಲ್ಲಿ ಫ್ರಾನ್ಸಿನ ದೊರೆಯನ್ನು, ಗ್ಯಾಸ್ಕನಿಯಲ್ಲಿ ಇಂಗ್ಲೆಂಡಿನ ದೊರೆ ಎಡ್ವರ್ಡ್‌ನನ್ನು ಕಂಡರು.

ಕೋಟೆಬಾಗಿಲು:
ನನ್ನ ಮೊದಲ ಮಾತಿಗೆ ಸಾಕ್ಷಿ ಸಿಕ್ಕಿತು. ಮೊಂಟೆಕೊರ್ವಿನೊದ ಜಾನ್. ಇವರೂ ಫ್ರಾನ್ಸಿಸ್ಕನ್. ದಾರಿಯಲ್ಲಿ ನಮ್ಮ ದಕ್ಷಿಣ ಭಾರತದಲ್ಲಿ 13 ತಿಂಗಳು ಇದ್ದರು. ಜೊತೆಗಾರ, ಪಿಸ್ಟೋಯಾದ ನಿಕೊಲಾಸ್, ಇಲ್ಲೇ ತೀರಿಕೊಂಡರು. ಮೈಲಾಪುರದ ಸಂತ ಥಾಮಸ್ ಇಗರ್ಜಿಯಲ್ಲಿ ಮಣ್ಣು ಮಾಡಿದರು. ಆಮೇಲೆ ಜಾನ್ ಒಬ್ಬರೇ ಬೀಜಿಂಗ್‌ಗೆ ಹೋಗಿ ಅಲ್ಲೇ ನೆಲೆ ನಿಂತರು.

ಇವರು ಮಾಡಿದ್ದೇನು ಅಂದರೆ, ಕೂತು ಭಾಷೆ ಕಲಿತರು. 1305ರಲ್ಲಿ ಬರೆದ ಪತ್ರದಲ್ಲಿ ತಾರ್ತಾರರ, ಅಂದರೆ ಮಂಗೋಲರ, ಭಾಷೆ, ಲಿಪಿ ಎರಡೂ ಚೆನ್ನಾಗಿ ಬರುತ್ತವೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳನ್ನು ಅದಕ್ಕೆ ಅನುವಾದ ಮಾಡಿದ್ದೇನೆ ಅನ್ನುತ್ತಾರೆ. ಸುಮಾರು 6000 ಜನರಿಗೆ ದೀಕ್ಷಾಸ್ನಾನ ಕೊಟ್ಟೆ ಅಂತಲೂ ಬರೆದಿದ್ದಾರೆ. ದುಭಾಷಿಯನ್ನು ನಂಬಿದ ರುಬ್ರುಕ್ ಕೊಟ್ಟದ್ದು ಆರೇ ಆರು ಜನರಿಗೆ. ಇಬ್ಬರೂ ಅಲ್ಲಿಗೆ ಹೋದದ್ದರ ನಡುವೆ ಸರಿಸುಮಾರು 40 ವರ್ಷದ ಅಂತರ, ಇಷ್ಟು ವ್ಯತ್ಯಾಸ.

ಹಳೇನಕ್ಷೆ:
ಆದರೆ ಜಾನ್ 30 ವರ್ಷಕ್ಕೂ ಹೆಚ್ಚು ಅಲ್ಲಿದ್ದರು. ರುಬ್ರುಕ್‌ಗೆ ಸಿಕ್ಕಿದ್ದು ಆರೇಳು ತಿಂಗಳು. ಅಲ್ಲೇ ಉಳಿಯಲು ಆಸೆ ಇತ್ತು, ಖಾನ ಬಿಡಲಿಲ್ಲ. ಹೋಲಿಸುವಾಗ ಇದನ್ನೂ ಇಟ್ಟುಕೊಳ್ಳಿ. ಮತ್ತೆ ರುಬ್ರುಕ್‌ಗೆ ಕೊನೆಯಲ್ಲಿ ಒಳ್ಳೆಯ ದುಭಾಷಿ ಸಿಕ್ಕಿದ.

ಬೆಳಗಿನರೈಲು:
ಯಾರು ಅದು?

ಹಳೇನಕ್ಷೆ:
ಅದನ್ನು ಹೇಳಬೇಕಾದರೆ ಕಾರಕೋರಂನ ಬಂದಿಗಳ ಬಗ್ಗೆ ಹೇಳಬೇಕು. ಹಂಗೇರಿಯ ಮೇಲೆ ಮಂಗೋಲರು ದಾಳಿ ಮಾಡಿದಾಗ ಸಿಕ್ಕಿಬಿದ್ದವರಲ್ಲಿ ಪ್ಯಾರಿಸ್‌ನ ಅಕ್ಕಸಾಲಿಗ ಗಿಯೋಮ್ ಬೂಶೇ ಒಬ್ಬ. ಖಾನನ ಅರಮನೆಯ ಬೆಳ್ಳಿಯ ಮರ ಮಾಡಿದವನು ಇವನೇ. ಬುಡದಲ್ಲಿ ನಾಲ್ಕು ಬೆಳ್ಳಿಯ ಸಿಂಹ, ಅವುಗಳ ಬಾಯಿಂದ ಕುದುರೆ ಹಾಲು. ಕೊಂಬೆಗಳಿಗೆ ಸುತ್ತಿದ ಹಾವುಗಳ ಬಾಯಿಂದ ನಾಲ್ಕು ಬಗೆಯ ಮದ್ಯ. ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಮೊದಲು ತಿದಿ ಇಟ್ಟು ಊದಿಸಲು ನೋಡಿದ, ಗಾಳಿ ಸಾಲಲಿಲ್ಲ. ಹಾಗಾಗಿ ಬುಡದ ಕೆಳಗೆ ಒಬ್ಬ ಮನುಷ್ಯ ಅಡಗಿ ಕೂತು ಕೊಳವೆಯಲ್ಲಿ ಊದುತ್ತಿದ್ದ, ಮೇಲೆ ಕಹಳೆ ಕೇಳುತ್ತಿತ್ತು.

ಲೋರೇನ್ ಸೀಮೆಯ ಮೆಟ್ಸ್ ಊರಿನ ಪಾಕೆತ್ ಅನ್ನುವ ಹೆಂಗಸೂ ಇದ್ದಳು. ಅವಳೂ ಹಂಗೇರಿಯಲ್ಲೇ ಸೆರೆಸಿಕ್ಕವಳು, ಈಗ ರಷ್ಯನ್ ಬಡಗಿಯ ಹೆಂಡತಿ. ಪಾದ್ರಿಗಳು ಬಂದಿದ್ದಾರೆ ಅಂತ ಗೊತ್ತಾಗಿ ಮನೆಯಲ್ಲಿ ಇದ್ದದ್ದರಲ್ಲಿ ಔತಣ ಮಾಡಿದಳು. ಬೂಶೇ ಆ ಊರಲ್ಲಿದ್ದಾನೆ ಅಂತ ರುಬ್ರುಕ್‌ಗೆ ತಿಳಿಸಿದವಳು ಇವಳೇ. ಬೂಶೇ ಮಗನ ಹಾಗೆ ಸಾಕಿಕೊಂಡಿದ್ದ ಹುಡುಗನೇ ಆ ಊರಿನ ಅತ್ಯುತ್ತಮ ದುಭಾಷಿ.

ಜೋಳದಹೊಲ:
ಆ ಬೆಳ್ಳಿಯ ಮರದ ಚಿತ್ರ ಮಂಗೋಲಿಯಾದ 5000 ತುಗ್ರಿಕ್ ನೋಟಿನ ಹಿಂದೆ ಇದೆ. ನನ್ನ ಹತ್ತಿರ ಒಂದು ನೋಟು ಉಳಿದಿದೆ. ಆದರೆ ಕೆಳಗೆ ಅಡಗಿ ಕೂತು ಊದುವವನು ಚಿತ್ರದಲ್ಲಿ ಇಲ್ಲ.

ಮಲ್ಲಿಗೆಬಳ್ಳಿ:
ಪಾಕೆತ್ ಮತ್ತೆ ಊರಿಗೆ ಹೋದಳಾ?

ಹಳೇನಕ್ಷೆ:
ವರದಿಯಲ್ಲಿ ಅವಳ ಮಾತು ಅಲ್ಲಿಗೇ ನಿಲ್ಲುತ್ತದೆ. ಮೂರು ಗಂಡು ಮಕ್ಕಳಿದ್ದರು.

ಬೆಳಗಿನರೈಲು:
ಕೇಳಿದ್ದಕ್ಕಿಂತ ತುಂಬಾ ಜಾಸ್ತಿ ಸಿಕ್ಕಿತು, ಎಲ್ಲರಿಗೂ ವಂದನೆ. ಕೊನೆಯದಾಗಿ ಒಂದೇ. ರುಬ್ರುಕ್ ವಾಪಸ್ ಹೊರಟಾಗ ಜೊತೆಗೆ ಯಾರಿದ್ದರು? ಬಾರ್ತೊಲೊಮಿಯೊ, ಗುಮಾಸ್ತ, ಆ ಹುಡುಗ, ಎಲ್ಲರೂ ಬಂದರಾ?

ಹಳೇನಕ್ಷೆ:
ಗುಮಾಸ್ತ ಗೊಸೆಯನ್ನೂ ಹುಡುಗ ನಿಕೊಲಾಸ್‌ನನ್ನೂ ಮೊದಲೇ ಸಾರ್ತಾಕ್‌ನ ಬಿಡಾರದಲ್ಲಿ ಬಿಟ್ಟಿದ್ದರು. ರುಬ್ರುಕ್ ಸತ್ತೇಹೋದರು ಅಂತ ಅಲ್ಲಿ ಸುದ್ದಿ ಹಬ್ಬಿತ್ತು. ದನ ಕಾಯಲು, ಕುದುರೆ ಹಾಲು ಕರೆಯಲು ಬರುತ್ತದಾ ಅಂತ ಇವರನ್ನು ಕೇಳುವುದಕ್ಕೂ ಶುರುಮಾಡಿದ್ದರು. ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಇಬ್ಬರೂ ಜೀತಕ್ಕೆ ಬೀಳುತ್ತಿದ್ದರು.

ಬಾರ್ತೊಲೊಮಿಯೊಗೆ ಮತ್ತೆ ಆ ದಾರಿ ಸವೆಸುವ ಶಕ್ತಿ ಇರಲಿಲ್ಲ. ಬೂಶೇ ಮನೆಯಲ್ಲೇ ಉಳಿದರು. ಬೂಶೇ ದೊರೆ ಲೂಯಿಗೆ ಕೊಡಲು ಒಂದು ಹರಳಿನ ಸೊಂಟಪಟ್ಟಿ ಕಳಿಸಿದ. ಸಿಡಿಲು ತಾಗದಿರಲಿ ಅಂತ ಮಂಗೋಲರು ಕಟ್ಟಿಕೊಳ್ಳುವಂಥದ್ದು. ಕಣ್ಣೀರು ಹಾಕಿಕೊಂಡು ಬೇರೆಯಾದೆವು ಅಂತ ರುಬ್ರುಕ್ ಬರೆದಿದ್ದಾರೆ.

ಹೊರಟವರು ನಾಲ್ಕೇ ಜನ. ರುಬ್ರುಕ್, ಒಬ್ಬ ದಾರಿ ತೋರಿಸುವವನು, ಒಬ್ಬ ಆಳು, ಮತ್ತೆ ಮೊದಲಿನ ದುಭಾಷಿ. ನಾಲ್ವರಿಗೂ ಸೇರಿ ನಾಲ್ಕು ದಿನಕ್ಕೆ ಒಂದು ಕುರಿ ಕೊಡಬೇಕು ಅಂತ ಖಾನನ ಅಪ್ಪಣೆ ಇತ್ತು.

ಕೋಟೆಬಾಗಿಲು:
ಅಂದರೆ ಇಷ್ಟೆಲ್ಲ ಆದಮೇಲೂ ದುಭಾಷಿ ಕೈಬಿಡದೆ ಜೊತೆಗೆ ಹೊರಟ. ಅದನ್ನೂ ಅವನ ಲೆಕ್ಕಕ್ಕೆ ಬರೆದುಕೊಳ್ಳಿ.